ಹಾಡಿನ ಪ್ಲೇಟಿನ ಹೊದಿಕೆಯ ಮೇಲಿನ ಚಿತ್ರ: ಸಮಕಾಲೀನ ಕಲೆಗೆ ನಮಗಿರುವ ಹತ್ತಿರದ ದಾರಿ ಇದೇ ಅಲ್ಲವೇ?

ಕೋಟೆ ಕೆಳಗಿನ ಕೇಳುಗ, ಬಳ್ಳಾರಿ

ಸಮಕಾಲೀನ ಚಿತ್ರಕಲೆಯ ಮಾತು ಬಂದಾಗ ನಮ್ಮ ಕಡೆಯ ಓದುಬರಹ ಬಲ್ಲವರೂ "ಅದು ನಮಗೆ ತಿಳಿಯುವುದಿಲ್ಲ ಬಿಡ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕವಿತೆ ತಿಳಿಯದಿದ್ದರೆ ಇನ್ನೊಮ್ಮೆ ಓದುತ್ತಾರೆ, ರಾಗ ಯಾವುದೆಂದು ಗೊತ್ತಾಗದಿದ್ದರೂ ತಲೆದೂಗುತ್ತಾರೆ. ಚಿತ್ರದ ಮುಂದೆ ಮಾತ್ರ ಪರೀಕ್ಷೆಗೆ ಕುಳಿತವರಂತೆ ಅಳುಕುತ್ತಾರೆ. ಇದು ಅಭಿರುಚಿಯ ಕೊರತೆ ಎಂದು ನಾನು ಒಪ್ಪುವುದಿಲ್ಲ. ಹೊಸ ಚಿತ್ರವೊಂದನ್ನು ಪುರುಸೊತ್ತಾಗಿ, ಮತ್ತೆ ಮತ್ತೆ ನೋಡುವ ಸಂದರ್ಭ ನಮ್ಮ ಊರುಗಳಲ್ಲಿ ಒದಗಿ ಬರುವುದೇ ಅಪರೂಪ. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ 2009ರಲ್ಲಿ ಬಾಗಿಲು ತೆರೆದಿದೆ, ನಿಜ. ಆದರೆ ರಾತ್ರಿ ರೈಲು ಹಿಡಿದು ಹೋದವರು ಅಲ್ಲಿ ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಂತಾರು?

ಹಾಡಿನ ಪ್ಲೇಟುಗಳ ಹೊದಿಕೆಗಳನ್ನು ಈಚೆಗೆ ಮತ್ತೆ ನೋಡುತ್ತಿರುವಾಗ ನನಗೆ ಹೊಳೆದದ್ದು ಇದು. 1948ರಲ್ಲಿ ಕೊಲಂಬಿಯಾ ಕಂಪನಿ ಹೊರತಂದ ಹನ್ನೆರಡು ಅಂಗುಲದ ಎಲ್‌ಪಿ, ಅಂದರೆ ದೀರ್ಘ ಹೊತ್ತು ಓಡುವ, ಪ್ಲೇಟಿನ ಒಂದು ಮಗ್ಗುಲು ಸುಮಾರು ಇಪ್ಪತ್ತು ನಿಮಿಷ ಓಡುತ್ತದೆ. ಅಷ್ಟು ಹೊತ್ತು ಕೈಯಲ್ಲಿ ಉಳಿಯುವುದು ಹೊದಿಕೆ ಮಾತ್ರ. ಕೇಳುಗ ಅದನ್ನು ತಿರುಗಿಸುತ್ತಾನೆ, ಹಿಂಬದಿಯನ್ನು ಓದುತ್ತಾನೆ, ಮತ್ತೆ ಮುಂಬದಿಗೆ ಬರುತ್ತಾನೆ. ಯಾವ ಗ್ಯಾಲರಿಯಲ್ಲಿಯೂ ಸಿಗದಷ್ಟು ದೀರ್ಘವಾದ ನೋಟ ಆ ಚಿತ್ರಕ್ಕೆ ಸಿಕ್ಕಿತು, ಮತ್ತು ಹಾಗೆ ನೋಡಲು ಯಾರೂ ನಮ್ಮನ್ನು ಒತ್ತಾಯಿಸಿರಲಿಲ್ಲ. ಆ್ಯಂಡಿ ವಾರ್ಹೋಲ್, ರಿಚರ್ಡ್ ಹ್ಯಾಮಿಲ್ಟನ್, ಪೀಟರ್ ಬ್ಲೇಕ್ ಮೊದಲಾದ ಹೊಸ ಕಾಲದ ಕಲಾವಿದರ ಕೆಲಸವನ್ನು ಲಕ್ಷಾಂತರ ಜನ ಮೊದಲು ಕಂಡದ್ದು ಹೀಗೆಯೇ, ಕಲೆಯನ್ನು ನೋಡುತ್ತಿದ್ದೇವೆ ಎಂಬ ಅಳುಕಿಲ್ಲದೆ. ಆದ್ದರಿಂದ ಸಮಕಾಲೀನ ಕಲೆಯನ್ನು ಮತ್ತೆ ಹತ್ತಿರ ಮಾಡಿಕೊಳ್ಳಬೇಕೆನ್ನುವವರು ಇಲ್ಲಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ವಾದ. ಒಪ್ಪದವರು ದಯವಿಟ್ಟು ಕಾರಣ ಸಮೇತ ಬರೆಯಿರಿ.

ಡ್ರಾಯಿಂಗ್ ಮಾಸ್ತರ, ರಾಯಚೂರು

ನಿಮ್ಮ ವಾದಕ್ಕೆ ಇತಿಹಾಸದ ಬೆಂಬಲವಿದೆ. ಎಲ್‌ಪಿ ಬರುವುದಕ್ಕೆ ಮೊದಲು, ಮಗ್ಗುಲಿಗೆ ಮೂರು ನಾಲ್ಕು ನಿಮಿಷವಷ್ಟೇ ಓಡುತ್ತಿದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳ ಕಾಲದಲ್ಲಿ, ಒಂದು ದೀರ್ಘ ಕೃತಿಗೆ ಹಲವು ಪ್ಲೇಟುಗಳು ಬೇಕಾಗುತ್ತಿದ್ದವು. ಅವನ್ನು ಫೋಟೋ ಆಲ್ಬಮ್ಮಿನ ಹಾಗೆ ಹೊಲಿದ ದಪ್ಪ ರಟ್ಟಿನ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ರಟ್ಟು ಕಂದು ಅಥವಾ ಬೂದು ಬಣ್ಣದ್ದು, ಬೆನ್ನಿನ ಮೇಲೆ ಹೆಸರು, ಅಷ್ಟೇ. ಅಲೆಕ್ಸ್ ಸ್ಟೈನ್‌ವೈಸ್ ಎಂಬ ಇಪ್ಪತ್ತರ ಹರೆಯದ ಕಲಾವಿದ ಕೊಲಂಬಿಯಾ ಕಂಪನಿಗೆ ಸೇರಿ, ಈ ರಟ್ಟಿನ ಮೇಲೆ ಚಿತ್ರ ಬರೆಯಲು ಅನುಮತಿ ಕೇಳಿದ. 1940ರಲ್ಲಿ ಹೊರಬಂದ ಅವನ ಮೊದಲ ಹೊದಿಕೆಯಲ್ಲಿ ನಾಟಕಶಾಲೆಯೊಂದರ ಮುಂಭಾಗದ ದೀಪಾಲಂಕೃತ ಫಲಕವಿತ್ತು. ಹಾಡುಗಾರರ ಭಾವಚಿತ್ರ ಹಾಕುವುದಕ್ಕಿಂತ ಸಂಗೀತದ ಗುಣವನ್ನೇ ಬಣ್ಣ ಮತ್ತು ಆಕಾರಗಳಲ್ಲಿ ಹೇಳಬೇಕೆನ್ನುವುದು ಅವನ ನಿಲುವಾಗಿತ್ತು.

ಅದಕ್ಕಿಂತಲೂ ನನಗೆ ಪ್ರಿಯವಾದ ಉದಾಹರಣೆ ಯೋಸೆಫ್ ಆಲ್ಬರ್ಸ್ ಅವರದು. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿಸಿ, ಆಮೇಲೆ ಅಮೆರಿಕಕ್ಕೆ ಹೋಗಿ, ಚೌಕದೊಳಗೊಂದು ಚೌಕವಿಟ್ಟು ಬಣ್ಣಗಳ ಪರಸ್ಪರ ಪರಿಣಾಮವನ್ನು 1950ರಿಂದ ಬದುಕಿನ ಕೊನೆಯವರೆಗೂ ಶೋಧಿಸಿದ ಕಲಾವಿದ. ಅವರು 1959ರಲ್ಲಿ ತಾಳವಾದ್ಯಗಳ ಒಂದು ಪ್ಲೇಟಿಗೆ ಹೊದಿಕೆ ಮಾಡಿಕೊಟ್ಟರು: ಸಾಲುಸಾಲಾಗಿ ಒತ್ತಾಗಿ ಜೋಡಿಸಿದ ಕಪ್ಪು ಚುಕ್ಕಿಗಳು, ಅವುಗಳಲ್ಲಿ ಕೆಲವು ಮಾತ್ರ ಸಾಲು ಬಿಟ್ಟು ಮೇಲಕ್ಕೆ ಚಿಮ್ಮಿವೆ. ಅಮೂರ್ತ ಚಿತ್ರ ಎಂದರೇನೆಂದು ಮಕ್ಕಳಿಗೆ ವಿವರಿಸಲು ನಾನು ಪಡುವ ಪಾಡು ಅಷ್ಟಿಷ್ಟಲ್ಲ; ತಬಲಾ ಕೇಳಿಸುತ್ತ ಈ ಹೊದಿಕೆಯನ್ನು ತೋರಿಸಿದರೆ ವಿವರಣೆಯೇ ಬೇಕಾಗುವುದಿಲ್ಲ. ಎದ್ದು ನಿಂತ ಚುಕ್ಕಿ ತಬಲಾದ ಯಾವ ಬೋಲಿನದು, ಯಾವ ನುಡಿಯದು ಎಂದು ಅವರೇ ಜಗಳವಾಡುತ್ತಾರೆ.

ಆಫ್‌ಸೆಟ್ ಕೆಲಸದವ, ಬಳ್ಳಾರಿ

ಮಾಸ್ತರರ ಮಾತಿಗೆ ಗೌರವ ಕೊಟ್ಟೇ ಸ್ವಲ್ಪ ತಣ್ಣೀರು ಎರಚುತ್ತೇನೆ. ಹೊದಿಕೆ ಎನ್ನುವುದು ಮೊದಲಿಗೆ ಸರಕು ಮಾರುವ ಪೊಟ್ಟಣ. ನಾನು ಕ್ಯಾಸೆಟ್ಟುಗಳ ಕಾಲದಲ್ಲಿ ಪ್ರೆಸ್ಸಿನಲ್ಲಿ ದುಡಿದವನು. ತತ್ವಪದ, ಭಜನೆ, ಬಯಲಾಟ, ನಾಟಕದ ಕ್ಯಾಸೆಟ್ಟುಗಳ ಒಳಗಿಡುವ ಇನ್‌ಲೇ ಕಾರ್ಡುಗಳನ್ನು ಮಾಡಿದ್ದೇನೆ. ನಡುವೆ ದೇವರು, ಸುತ್ತ ಗಾಯಕರ ಪಾಸ್‌ಪೋರ್ಟ್ ಅಳತೆಯ ಫೋಟೋಗಳು, ಕೆಳಗೆ ಹಣ ಹಾಕಿದವರ ಹೆಸರು. ಫೋಟೋಗಳನ್ನು ಬ್ಲೇಡಿನಿಂದ ಕತ್ತರಿಸಿ, ರಟ್ಟಿನ ಮೇಲೆ ಅಂಟಿಸಿ, ಅಕ್ಷರಗಳನ್ನು ಬೇರೆ ಹಾಳೆಯಲ್ಲಿ ಬರೆಸಿ, ಎಲ್ಲವನ್ನೂ ಫಿಲಂ ತೆಗೆದು ನಾಲ್ಕು ಬಣ್ಣಕ್ಕೆ ನಾಲ್ಕು ಅಚ್ಚಿನ ಪ್ಲೇಟು ಮಾಡುತ್ತಿದ್ದೆವು. ಒಂದು ಬಣ್ಣ ಕೂದಲೆಳೆಯಷ್ಟು ಜರುಗಿದರೂ ಗಾಯಕಿಯ ತುಟಿಯ ಕೆಂಪು ಗಲ್ಲಕ್ಕೆ ಬರುತ್ತಿತ್ತು. ಕಾರ್ಡಿನ ಮುಖ ಹೆಚ್ಚೆಂದರೆ ಹತ್ತು ಸೆಂಟಿಮೀಟರ್ ಉದ್ದ, ಆರೂವರೆ ಸೆಂಟಿಮೀಟರ್ ಅಗಲ. ಎಲ್‌ಪಿ ಹೊದಿಕೆ ಪ್ರತಿ ಬದಿಗೆ ಮೂವತ್ತೊಂದು ಸೆಂಟಿಮೀಟರ್. ಲೆಕ್ಕ ಹಾಕಿ ನೋಡಿರಿ, ಹದಿನೈದು ಪಟ್ಟಿನಷ್ಟು ವ್ಯತ್ಯಾಸ. ಆ ಸಣ್ಣ ಜಾಗದಲ್ಲಿ ಎಲ್ಲರ ಮುಖವೂ ಕಾಣಲೇಬೇಕೆಂದು ಗಿರಾಕಿ ಪಟ್ಟು ಹಿಡಿದಾಗ ಸ್ಟೈನ್‌ವೈಸನೇ ಬಂದಿದ್ದರೂ ಮಾಡಬಹುದಾದದ್ದು ಅಷ್ಟರಲ್ಲೇ ಇತ್ತು.

ಇನ್ನು ವಾರ್ಹೋಲ್ ವಿಚಾರ. ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲಿಷ್ ರಾಕ್ ತಂಡದ 1971ರ ಪ್ಲೇಟಿಗೆ ಅವರ ಕಲ್ಪನೆಯಂತೆ ಜೀನ್ಸ್ ಪ್ಯಾಂಟಿನ ಫೋಟೋದ ಮೇಲೆ ನಿಜವಾದ ಜಿಪ್ಪನ್ನೇ ಕೂರಿಸಿದರು. ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸಿ ಸಾಗಿಸುವಾಗ ಮೇಲಿನ ಜಿಪ್ಪು ಕೆಳಗಿನ ಪ್ಲೇಟಿಗೆ ಒತ್ತಿ ಹಾಡೇ ಹಾಳಾಯಿತು. ಕೊನೆಗೆ ಸಿಕ್ಕ ಉಪಾಯವೆಂದರೆ ಜಿಪ್ಪನ್ನು ಅರ್ಧಕ್ಕೆ ಎಳೆದಿಡುವುದು. ಆಗ ಗುಂಡಿ ಬೀಳುವುದು ನಡುವಿನ ಕಾಗದದ ಲೇಬಲ್ಲಿನ ಮೇಲೆ, ಗೆರೆಗಳ ಮೇಲಲ್ಲ. ಕಲಾವಿದನ ಹೆಸರು ಎಲ್ಲರಿಗೂ ಗೊತ್ತು. ಸಮಸ್ಯೆ ಬಿಡಿಸಿದವರು ನನ್ನಂಥ ಪ್ಯಾಕಿಂಗಿನವರು.

ಕೋಟೆ ಕೆಳಗಿನ ಕೇಳುಗ, ಬಳ್ಳಾರಿ

ಅಣ್ಣನವರೇ, ಮಾರುವುದಕ್ಕಾಗಿ ಮಾಡಿದ್ದು ಕಲೆಯಾಗಲಾರದು ಎನ್ನುವುದಾದರೆ ದೇವಾಲಯಕ್ಕೋ ಅರಮನೆಗೋ ಹಣ ಪಡೆದು ಮಾಡಿದ ಶಿಲ್ಪಗಳನ್ನು ಎಲ್ಲಿ ಇಡೋಣ? ನೀವು ಹೇಳಿದ ಜಿಪ್ಪಿನ ಪ್ರಸಂಗ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಪ್ರೇಕ್ಷಕ ಮುಟ್ಟಬಹುದಾದ, ಎಳೆಯಬಹುದಾದ, ಸುಲಿಯಬಹುದಾದ ಕಲಾಕೃತಿಯನ್ನು ಅಂಗಡಿಯ ಮೂಲಕ ಮನೆಗೆ ತಲುಪಿಸಿದ್ದು ಸಣ್ಣ ಸಂಗತಿಯಲ್ಲ. ವಾರ್ಹೋಲ್ 1967ರಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡಕ್ಕೆ ಮಾಡಿದ ಹೊದಿಕೆಯಲ್ಲಿ ಹಳದಿ ಬಾಳೆಹಣ್ಣಿನ ಸಿಪ್ಪೆ ಒಂದು ಅಂಟುಚೀಟಿ. ಅದನ್ನು ಸುಲಿದರೆ ಒಳಗೆ ನಸುಗೆಂಪು ಹಣ್ಣು. ಗ್ಯಾಲರಿಯಲ್ಲಿ ಚಿತ್ರವನ್ನು ಮುಟ್ಟಿದರೆ ಕಾವಲುಗಾರ ಗದರುತ್ತಾನೆ.

ಪೀಟರ್ ಬ್ಲೇಕ್ ಮತ್ತು ಜ್ಯಾನ್ ಹಾವರ್ತ್ ಅದೇ 1967ರಲ್ಲಿ ಬೀಟಲ್ಸ್ ತಂಡಕ್ಕಾಗಿ ರಟ್ಟಿನ ಆಳೆತ್ತರದ ಬೊಂಬೆಗಳನ್ನು ನಿಲ್ಲಿಸಿ ರೂಪಿಸಿದ ಪ್ರಸಿದ್ಧ ಹೊದಿಕೆಯಲ್ಲಿ ಪರಮಹಂಸ ಯೋಗಾನಂದರೂ ಅವರ ಗುರುಪರಂಪರೆಯೂ ಇದ್ದಾರೆ. ಗಾಂಧೀಜಿಯವರ ಚಿತ್ರವೂ ಇತ್ತು. ಭಾರತದಲ್ಲಿ ಜನರ ಮನಸ್ಸಿಗೆ ನೋವಾದೀತು, ಮಾರಾಟಕ್ಕೆ ಧಕ್ಕೆಯಾದೀತು ಎಂದು ಪ್ಲೇಟು ಹೊರತರುವ ಇಎಂಐ ಕಂಪನಿ ಹೆದರಿದ್ದರಿಂದ ಅದನ್ನು ತೆಗೆದರು. ನಮ್ಮ ದೇಶದ ಕೇಳುಗರನ್ನು ನೆನೆದು ಲಂಡನ್ನಿನಲ್ಲಿ ಚಿತ್ರವೊಂದು ಬದಲಾಯಿತು ಎಂಬುದನ್ನು ನಮ್ಮಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ! ಮರುವರ್ಷ ಅದೇ ತಂಡಕ್ಕೆ ರಿಚರ್ಡ್ ಹ್ಯಾಮಿಲ್ಟನ್ ಇದಕ್ಕೆ ತದ್ವಿರುದ್ಧವಾಗಿ ಬರಿಯ ಬಿಳಿ ಹೊದಿಕೆ ಮಾಡಿಕೊಟ್ಟರು. ಮೇಲೆ ಉಬ್ಬಚ್ಚಿನ ಹೆಸರು, ಪ್ರತಿಯೊಂದಕ್ಕೂ ಒಂದೊಂದು ಕ್ರಮಸಂಖ್ಯೆ. ಲಕ್ಷಗಟ್ಟಲೆ ಅಚ್ಚಾಗುವ ವಸ್ತುವಿಗೆ ಸೀಮಿತ ಮುದ್ರಣದ ಕಲಾಕೃತಿಯ ಹಾಗೆ ಸಂಖ್ಯೆ ಹಾಕಿದ್ದರಲ್ಲಿ ಒಂದು ಕುಚೋದ್ಯವಿದೆ, ಅದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಗವಿಮಠದ ಹಾದಿ, ಕೊಪ್ಪಳ (ಪದವಿ ವಿದ್ಯಾರ್ಥಿನಿ)

ಸರ್, ನನ್ನ ವಯಸ್ಸಿನವರು ಪ್ಲೇಟನ್ನು ಕೈಯಲ್ಲಿ ಹಿಡಿದವರಲ್ಲ. ನಮಗೆ ಹೊದಿಕೆ ಎಂದರೆ ಫೋನಿನಲ್ಲಿ ಹೆಬ್ಬೆರಳ ಉಗುರಿನಷ್ಟು ಕಾಣುವ ಚೌಕ. ಹಾಡು ಓಡುವಾಗ ಪರದೆಯೇ ಆರಿಹೋಗಿರುತ್ತದೆ. ಇಪ್ಪತ್ತು ನಿಮಿಷದ ನೋಟ ಎಂಬ ನಿಮ್ಮ ಮಾತು ನಮ್ಮ ಪಾಲಿಗೆ ಅನ್ವಯಿಸುವುದೇ? ಇನ್ನೊಂದು ಪ್ರಶ್ನೆ. ಬೆಟ್ಟಸಾಲಿನಂತೆ ಬಿಳಿಯ ಗೆರೆಗಳಿರುವ ಕಪ್ಪು ಟೀ ಶರ್ಟುಗಳನ್ನು ನಮ್ಮ ಬಜಾರಿನಲ್ಲಿಯೂ ಮಾರುತ್ತಾರೆ. ನನ್ನ ತಮ್ಮನೂ ಒಂದನ್ನು ಕೊಂಡಿದ್ದಾನೆ. ಅದು ಯಾವುದೋ ಹಾಡಿನ ಆಲ್ಬಮ್ಮಿನದೆಂದು ಕೇಳಿದ್ದೇನೆ. ಆ ಗೆರೆಗಳು ಏನು?

ಡ್ರಾಯಿಂಗ್ ಮಾಸ್ತರ, ರಾಯಚೂರು

ತಂಗಿ, ನಿನ್ನ ತಮ್ಮ ಎದೆಯ ಮೇಲೆ ಧರಿಸಿರುವುದು ಒಂದು ನಕ್ಷತ್ರದ ನಾಡಿಬಡಿತ. 1967ರಲ್ಲಿ ಜೋಸಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಕೇಂಬ್ರಿಜ್‌ನಲ್ಲಿ ಗುರುತಿಸಿದ ಮೊದಲ ಪಲ್ಸಾರ್ ಅದು, ಸಿಪಿ 1919. ಸುಮಾರು 1.3 ಸೆಕೆಂಡಿಗೊಮ್ಮೆ ಬರುವ ಅದರ ರೇಡಿಯೊ ಮಿಡಿತಗಳನ್ನು ಒಂದರ ಕೆಳಗೊಂದು ಜೋಡಿಸಿದ ನಕ್ಷೆ ಖಗೋಳ ವಿಶ್ವಕೋಶವೊಂದರಲ್ಲಿ ಅಚ್ಚಾಗಿತ್ತು. ಇಂಗ್ಲೆಂಡಿನ ಜಾಯ್ ಡಿವಿಜನ್ ತಂಡದವರು 1979ರಲ್ಲಿ ಅದನ್ನು ಆರಿಸಿದರು, ವಿನ್ಯಾಸಕಾರ ಪೀಟರ್ ಸ್ಯಾವಿಲ್ ಬಿಳಿಯ ಮೇಲಿದ್ದ ಕಪ್ಪು ಗೆರೆಗಳನ್ನು ತಿರುಗುಮುರುಗು ಮಾಡಿ ಕಪ್ಪಿನ ಮೇಲೆ ಬಿಳಿಯಾಗಿಸಿದರು. ಮುಂಬದಿಯಲ್ಲಿ ತಂಡದ ಹೆಸರಿಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ವಿಜ್ಞಾನದ ನಕ್ಷೆಯೊಂದನ್ನು ಎತ್ತಿ ಬೇರೊಂದು ಸಂದರ್ಭದಲ್ಲಿಟ್ಟು, ನೋಡುವವನೇ ಅರ್ಥ ಕಟ್ಟಿಕೊಳ್ಳಲಿ ಎಂದು ಬಿಡುವುದು ಸಮಕಾಲೀನ ಕಲೆಯ ಬಹು ಮುಖ್ಯವಾದ ವಿಧಾನ. ಅದು ನಿಮ್ಮ ಮನೆಯ ಬಟ್ಟೆಯ ಹಗ್ಗದ ಮೇಲೆ ಒಣಗುತ್ತಿದೆ.

ಪಿಂಕ್ ಫ್ಲಾಯ್ಡ್ ತಂಡದ 1973ರ ಆಲ್ಬಮ್ಮಿನ ಹೊದಿಕೆಯ ಮೇಲಿರುವ, ಬೆಳಕನ್ನು ಬಣ್ಣಗಳಾಗಿ ಒಡೆಯುವ ಪಟ್ಟಕವೂ ಇದೇ ಜಾತಿಯದು. ಹಿಪ್ನೋಸಿಸ್ ಸಂಸ್ಥೆಯ ಕಲ್ಪನೆಗೆ ಜಾರ್ಜ್ ಹಾರ್ಡಿ ಗೆರೆ ಎಳೆದರು. ಮುಂದಿನ ಸಲ ಕಂಡಾಗ ಬಣ್ಣಗಳನ್ನು ಎಣಿಸಿ ನೋಡು: ಪಠ್ಯಪುಸ್ತಕದಲ್ಲಿ ಏಳು, ಹೊದಿಕೆಯಲ್ಲಿ ಆರೇ. ನೀಲಿಗೂ ನೇರಳೆಗೂ ನಡುವಿನದನ್ನು ಬಿಟ್ಟಿದ್ದಾರೆ.

ಫೋನಿನ ವಿಚಾರದಲ್ಲಿ ನಿನ್ನ ಆಕ್ಷೇಪ ನ್ಯಾಯವಾದದ್ದು. ಇಂದಿಗೂ ಹೊದಿಕೆಯನ್ನು 3000 ಪಿಕ್ಸೆಲ್ ಚೌಕವಾಗಿ ಸಿದ್ಧಪಡಿಸಿ ಕಳುಹಿಸುವುದು ವಾಡಿಕೆ, ಅಂದರೆ ದೊಡ್ಡ ಚಿತ್ರ ಇದ್ದೇ ಇರುತ್ತದೆ. ತೋರಿಸುವ ಆ್ಯಪ್ ಅದನ್ನು ಕುಗ್ಗಿಸುತ್ತದೆ. ನೋಡಬೇಕೆನಿಸಿದ್ದನ್ನು ಹುಡುಕಿ, ದೊಡ್ಡದು ಮಾಡಿ, ಪರದೆ ಆರದಂತೆ ಇಟ್ಟುಕೊಂಡು ಒಂದು ಹಾಡು ಮುಗಿಯುವವರೆಗೆ ನೋಡು. ಇದರಲ್ಲಿ ಕೃತಕತೆ ಇದೆ ಎಂದು ಬಲ್ಲೆ. ಆದರೂ ಮಾಡಿ ನೋಡು.

ಮುಂಜಾನೆ ರಾಗ, ರಾಯಚೂರು

ಇಲ್ಲಿಯವರೆಗಿನ ಉದಾಹರಣೆಗಳೆಲ್ಲ ಇಂಗ್ಲೆಂಡ್ ಮತ್ತು ಅಮೆರಿಕದವು. ನಾನು ಹಿಂದೂಸ್ತಾನಿ ಸಂಗೀತದ ಪ್ಲೇಟುಗಳನ್ನು ಕೂಡಿಸುವವನು. ಅವುಗಳ ಹೊದಿಕೆಗಳ ಬಗ್ಗೆ ಹೇಳಬೇಕೆಂದರೆ ಬಹುಪಾಲು ಒಂದೇ ಅಚ್ಚಿನವು. ಗಾಯಕರು ಕಣ್ಣು ಮುಚ್ಚಿ ಕೈ ಎತ್ತಿದ್ದಾರೆ, ಹಿಂದೆ ತಂಬೂರಿ. ಆದರೆ ನಾವು ನೋಡುತ್ತಿದ್ದದ್ದು ಹಿಂಬದಿಯನ್ನು. ರಾಗ ಯಾವುದು, ವಿಲಂಬಿತ ಯಾವ ತಾಳದಲ್ಲಿ, ಹಾರ್ಮೋನಿಯಂ ಯಾರದು, ಯಾವ ಘರಾಣೆ, ಗುರುಗಳು ಯಾರು, ಎಲ್ಲವೂ ಅಲ್ಲಿರುತ್ತಿತ್ತು. ಒಮ್ಮೊಮ್ಮೆ ಅಲ್ಲಿನ ಬರಹ ಒಂದು ಒಳ್ಳೆಯ ಪ್ರಬಂಧದ ಮಟ್ಟಕ್ಕೆ ಏರುತ್ತಿತ್ತು. ಫೋನಿಗೆ ಬಂದ ಮೇಲೆ ಮುಂಬದಿಯ ಚಿತ್ರ ಸಣ್ಣದಾಗಿಯಾದರೂ ಉಳಿಯಿತು, ಹಿಂಬದಿ ಪೂರ್ತಿ ಅಳಿಸಿಹೋಯಿತು. ತಬಲಾ ಯಾರು ನುಡಿಸಿದರೆಂದು ತಿಳಿಯದೆ ಇಂದು ನಾವು ಕೇಳುತ್ತಿದ್ದೇವೆ. ನನ್ನ ದುಃಖ ಅದು, ಚಿತ್ರದ್ದಲ್ಲ.

ಸಂಗೀತಕ್ಕೆ ಚಿತ್ರ ಜೊತೆಯಾದದ್ದು 1940ರಿಂದ ಎಂಬ ಭಾವನೆ ಬರುವ ಹಾಗೆ ಮಾಸ್ತರರು ಬರೆದಿದ್ದಾರೆ. ನಮ್ಮ ರಾಯಚೂರು ಆದಿಲಶಾಹಿಗಳ ಆಳ್ವಿಕೆಯಲ್ಲಿದ್ದಾಗ, 1580ರಿಂದ 1627ರವರೆಗೆ ಬಿಜಾಪುರದಲ್ಲಿ ಪಟ್ಟದಲ್ಲಿದ್ದ ಎರಡನೆಯ ಇಬ್ರಾಹಿಂ ದಖನಿ ಭಾಷೆಯಲ್ಲಿ ಹಾಡುಗಳನ್ನು ಕಟ್ಟಿ, ರಾಗಗಳ ಹೆಸರಿನಡಿ ಜೋಡಿಸಿ 'ಕಿತಾಬ್‌-ಎ-ನವರಸ್' ಮಾಡಿದ. ಅದರಲ್ಲಿ ರಾಗಗಳನ್ನೇ ವ್ಯಕ್ತಿಗಳಾಗಿ ಕಂಡು, ಅವರ ಮೈಬಣ್ಣ, ಉಡುಗೆ, ಕೈಯಲ್ಲಿ ಹಿಡಿದದ್ದು ಇವನ್ನು ಬಣ್ಣಿಸುವ ಹಾಡುಗಳಿವೆ. ಅವನ ತಂಬೂರಿಗೆ ಮೋತಿಖಾನ್ ಎಂಬ ಹೆಸರಿತ್ತು. ದಖನಿನ ಚಿತ್ರಕಾರರು ಬರೆದ ರಾಗಮಾಲಾ ಚಿತ್ರಗಳೂ ಆ ಕಾಲದವೇ. ಒಂದು ರಾಗಕ್ಕೆ ಒಂದು ಹಾಳೆ, ಒಂದು ಚಿತ್ರ, ಒಮ್ಮೊಮ್ಮೆ ಮೇಲೆ ಎರಡು ಸಾಲು ಪದ್ಯ. ಹೊದಿಕೆಗೆ ಇನ್ನೇನು ಬೇಕು?

ಆಫ್‌ಸೆಟ್ ಕೆಲಸದವ, ಬಳ್ಳಾರಿ

ಅದಕ್ಕೆ ಬೇಕಾದದ್ದು ಪ್ಲೇಟು! ಒಳಗೆ ಹಾಡೇ ಇಲ್ಲದ ಹೊದಿಕೆಯನ್ನು ನಾನು ಮುದ್ರಿಸಲಾರೆ, ಸರ್. ಆದರೆ ನಿಮ್ಮ ಹಿಂಬದಿಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮೊದಲ ಬರಹದಲ್ಲಿ ಒಂದು ಚಿತ್ರ ಬಿಟ್ಟುಹೋಗಿದೆ ಎಂದು ಇಷ್ಟು ಹೊತ್ತು ಕಾಯುತ್ತಿದ್ದೆ. ಈ ಎಲ್ಲ ಹೊದಿಕೆಗಳಿಗಿಂತ ಹೆಚ್ಚು ಜನ ಕಂಡ ಚಿತ್ರ ನಾಯಿ ಮಾರ್ಕಿನದು. ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲಿಷ್ ಚಿತ್ರಕಾರ ನಿಪ್ಪರ್ ಎಂಬ ನಾಯಿ ಕೊಳವೆಯ ಮುಂದೆ ಕುಳಿತು ಕಿವಿಗೊಡುತ್ತಿರುವುದನ್ನು ಎಣ್ಣೆಬಣ್ಣದಲ್ಲಿ ಬರೆದಾಗ ಅಲ್ಲಿದ್ದದ್ದು ಉರುಳೆಯ ಫೋನೋಗ್ರಾಫ್. 1899ರಲ್ಲಿ ಗ್ರಾಮೋಫೋನ್ ಕಂಪನಿಯವರು, ಆ ಯಂತ್ರವನ್ನು ಅಳಿಸಿ ನಮ್ಮದನ್ನು ಬರೆದುಕೊಟ್ಟರೆ ಚಿತ್ರ ಕೊಳ್ಳುತ್ತೇವೆ ಎಂದರು. ಬರಾಡ್ ಹಾಗೆಯೇ ಮೇಲೆ ಬಣ್ಣ ಬಳಿದು ತಿದ್ದಿದರು. ಮೂಲ ಚಿತ್ರವನ್ನು ಓರೆ ಬೆಳಕಿನಲ್ಲಿ ನೋಡಿದರೆ ಹಳೆಯ ಯಂತ್ರದ ಅಂಚು ಇನ್ನೂ ಕಾಣುತ್ತದಂತೆ. ಗಿರಾಕಿ ಹೇಳಿದಂತೆ ತಿದ್ದಿಕೊಡುವುದು ನಮ್ಮ ಕಸುಬಿನಲ್ಲಿ ಅಷ್ಟು ಹಳೆಯದು.

ತೊಗಲುಬೊಂಬೆ, ಕೊಪ್ಪಳ ತಾಲ್ಲೂಕು

ನಾನು ಹೇಳಬೇಕೆಂದಿರುವುದು ಈ ಚರ್ಚೆ ನಮ್ಮ ನೆಲದಲ್ಲಿ ಏನನ್ನು ಹುಟ್ಟಿಸಬಹುದು ಎಂಬ ಬಗ್ಗೆ. ನಮ್ಮ ಹಾಡುಗಾರರು ಈಗ ಕಂಪನಿಯ ಹಂಗಿಲ್ಲದೆ ತತ್ವಪದ, ವಚನ, ದಾಸರ ಪದಗಳನ್ನು ತಾವೇ ಧ್ವನಿಮುದ್ರಿಸಿಕೊಂಡು ಇಂಟರ್ನೆಟ್ಟಿಗೆ ಏರಿಸುತ್ತಿದ್ದಾರೆ. ಅದಕ್ಕೊಂದು ಹೊದಿಕೆ ಬೇಕಾದಾಗ ರೆಡಿಮೇಡ್ ಸೂರ್ಯೋದಯ, ಕಮಲ, ದೀಪ. ಪಕ್ಕದಲ್ಲೇ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರವನ್ನು ಕೆತ್ತಿ, ಮರದ ಹೊಟ್ಟು, ಗೋಣಿನಾರು ಮತ್ತು ಹುಣಸೆಬೀಜದ ಅಂಟು ಕಲಸಿ ಸಂದುಗಳನ್ನು ತುಂಬಿ, ಮೇಲೆ ಮಟ್ಟಸ ಲೇಪವಿಟ್ಟು ಬಣ್ಣ ಹಾಕುತ್ತಾರೆ. ಆ ಕೆಂಪು, ಆ ಹಸಿರು ಹೆಬ್ಬೆರಳ ಅಳತೆಯಲ್ಲಿಯೂ ಎದ್ದು ಕಾಣುವಂಥವು. ದೂರದಿಂದ ನೋಡುವ ಉತ್ಸವದ ಬೊಂಬೆಗಳಿಗಾಗಿಯೇ ಹುಟ್ಟಿದವು. ತೊಗಲುಬೊಂಬೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣವಿಟ್ಟು, ಒಡವೆಯ ಜಾಗದಲ್ಲಿ ಸಣ್ಣ ರಂಧ್ರಗಳನ್ನು ಕೊರೆದಿರುತ್ತಾರೆ. ಹಿಂದಿನಿಂದ ದೀಪ ಹಿಡಿದಾಗ ಮಾತ್ರ ಅದು ಪೂರ್ಣ. ಫೋನಿನ ಪರದೆಯೂ ಹಿಂದಿನಿಂದ ಬೆಳಗುವ ಹಾಳೆಯೇ ಅಲ್ಲವೇ? ಮುದ್ರಿಸಿದ ಕಾಗದಕ್ಕಿಂತ ಅಲ್ಲಿ ಅದು ಚೆನ್ನಾಗಿ ಒಪ್ಪುತ್ತದೆ. ನಮ್ಮ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು, ಆ ಗೆರೆಯನ್ನು ಹೊಸ ಕೆಲಸಕ್ಕೆ ತರುವ ಬಗ್ಗೆ ಯಾರೂ ಯೋಚಿಸಲಿಲ್ಲ.

ಬಳ್ಳಾರಿಯವರಿಗೆ ಒಂದು ಮಾತು. ನಿಮ್ಮ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದಿಂದ ಕುಟ್ಟಿ ಮೂಡಿಸಿದ ಗೂಳಿಗಳ, ಮನುಷ್ಯರ ಚಿತ್ರಗಳಿವೆ. ಅದೇ ಡಾಲರೈಟ್ ಬಂಡೆಗಳ ನಡುವೆ ಕೆಲವು, ಕಲ್ಲಿನಿಂದ ಹೊಡೆದರೆ ಗಂಟೆಯಂತೆ ನುಡಿಯುತ್ತವೆ. ಹೊಡೆದ ಜಾಗದಲ್ಲಿ ಬಟ್ಟಲಿನಂಥ ಗುಳಿಗಳು ಬಿದ್ದಿವೆ. ಚಿತ್ರವೂ ನಾದವೂ ಒಂದೇ ಗುಡ್ಡದಲ್ಲಿವೆ.

ಡ್ರಾಯಿಂಗ್ ಮಾಸ್ತರ, ರಾಯಚೂರು

ಮೇಡಂ, ಆ ಬಂಡೆಗಳ ಮಾತು ನನಗೂ ರೋಮಾಂಚನ ತರುತ್ತದೆ. ಆದರೆ ಚಿತ್ರ ಕುಟ್ಟಿದವರೂ ಕಲ್ಲು ನುಡಿಸಿದವರೂ ಒಬ್ಬರೇ, ಒಂದೇ ಉದ್ದೇಶಕ್ಕೆ ಎಂದು ಹೇಳಲು ಆಧಾರ ಸಾಲದು. ಅದನ್ನು ನಮ್ಮ ವಾದಕ್ಕೆ ಎಳೆದು ತರುವುದು ಬೇಡ. ತೊಗಲುಬೊಂಬೆಯ ಬಗ್ಗೆಯೂ ಒಂದು ಎಚ್ಚರ. ಜಾನಪದದ ಒಂದು ತುಣುಕನ್ನು ಅಲಂಕಾರಕ್ಕೆ ಅಂಟಿಸಿದರೆ ಅದು ಕಮಲ ಮತ್ತು ದೀಪದ ಜಾಗಕ್ಕೆ ಇನ್ನೊಂದು ರೆಡಿಮೇಡ್ ಚಿತ್ರ ತಂದಂತಾಯಿತು, ಅಷ್ಟೇ. ಸಮಕಾಲೀನ ಕಲಾವಿದರು ವಸ್ತುವನ್ನು ಹೇಗೆ ಬಳಸುತ್ತಾರೆಂದು ನೋಡಬೇಕು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಸಗಣಿ, ಕುಂಕುಮ ಸವರಿದ ದಾರ, ರಸ್ತೆ ಬದಿಯ ಡಾಂಬರಿನ ಡ್ರಮ್ಮುಗಳನ್ನು ಬಳಸಿ ಮಾಡಿದ ಕೃತಿಗಳಲ್ಲಿ ಆ ವಸ್ತುವಿನ ಹಿಂದಿನ ದುಡಿಮೆ ಉಳಿದಿರುತ್ತದೆ. ಎನ್. ಪುಷ್ಪಮಾಲಾ ಕ್ಯಾಲೆಂಡರ್ ದೇವತೆಯಂಥ ಪರಿಚಿತ ಚಿತ್ರಗಳಲ್ಲಿನ ಹೆಣ್ಣಿನ ವೇಷವನ್ನು ತಾವೇ ಧರಿಸಿ ಫೋಟೋಕ್ಕೆ ನಿಂತಾಗ ನಗುವೂ ಬರುತ್ತದೆ, ಪ್ರಶ್ನೆಯೂ ಏಳುತ್ತದೆ. ಆಫ್‌ಸೆಟ್ ಅಣ್ಣನವರು ಬಣ್ಣಿಸಿದ ಇನ್‌ಲೇ ಕಾರ್ಡು, ಆ ಪಾಸ್‌ಪೋರ್ಟ್ ಫೋಟೋಗಳ ಸಾಲು ಮತ್ತು ಜರುಗಿದ ಕೆಂಪು, ಇದೇ ನಮ್ಮ ಭಾಗದ ನಿಜವಾದ ದೃಶ್ಯಭಾಷೆ ಎಂದು ನನಗೆ ಈಗ ತೋರುತ್ತಿದೆ. ಅದನ್ನು ನಾಚಿಕೆಯಿಲ್ಲದೆ, ಬುದ್ಧಿಪೂರ್ವಕವಾಗಿ ಬಳಸುವ ಹೊಸ ಹುಡುಗರು ಬರಬೇಕು.

ಆಫ್‌ಸೆಟ್ ಕೆಲಸದವ, ಬಳ್ಳಾರಿ

ಜೀವಮಾನವಿಡೀ ಸರಿಪಡಿಸಲು ಹೆಣಗಿದ ತಪ್ಪನ್ನು ಮಾಸ್ತರರು ಶೈಲಿ ಎಂದು ಕರೆದುಬಿಟ್ಟರು! ಆಗಲಿ. ಹಳೆಯ ಇನ್‌ಲೇ ಕಾರ್ಡುಗಳ ಮಾದರಿ ಹಾಳೆಗಳು ಒಂದು ಟ್ರಂಕಿನಲ್ಲಿ ಉಳಿದಿವೆ, ಯಾರಿಗಾದರೂ ಬೇಕಿದ್ದರೆ ನೋಡಬಹುದು.

ಗವಿಮಠದ ಹಾದಿ, ಕೊಪ್ಪಳ

ಅಣ್ಣಾರ, ನಾನು ನೋಡಲು ಬರುತ್ತೇನೆ. ಅವನ್ನು ಸ್ಕ್ಯಾನ್ ಮಾಡುವುದಾದರೆ ಯಾವ ಅಳತೆಯಲ್ಲಿ ಮಾಡಬೇಕು?

ಆಫ್‌ಸೆಟ್ ಕೆಲಸದವ, ಬಳ್ಳಾರಿ

600 ಡಿಪಿಐಗೆ ಕಡಿಮೆ ಬೇಡ, ತಂಗಿ. ಮುದ್ರಣದ ಚುಕ್ಕಿಗಳು ಕಂಡರೂ ಪರವಾಗಿಲ್ಲ, ಸಾಫ್ಟ್‌ವೇರಿನಲ್ಲಿ ಅವನ್ನು ಅಳಿಸಬೇಡ. ಹಿಂಬದಿಯನ್ನೂ ಮರೆಯದೆ ಸ್ಕ್ಯಾನ್ ಮಾಡು. ತಬಲಾ, ಹಾರ್ಮೋನಿಯಂ ನುಡಿಸಿದವರ ಹೆಸರು ಅಲ್ಲಿಯೇ ಇರುತ್ತವೆ.